ಆಟಿಯ ಮಳೆಯಲ್ಲೂ ತಪ್ಪದ ಅಭ್ಯಾಸ: ಸಣ್ಣ ಗುರಿಯಿಂದ ಶುರು ಮಾಡುವ ಕ್ರಮ

"ಶುರು ಮಾಡುತ್ತೇನೆ, ಎರಡು ವಾರ ನಡೆಯುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಏನು ಮಾಡಬೇಕು?" ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬರದ್ದು ಬೆಳಗಿನ ನಡಿಗೆ, ಇನ್ನೊಬ್ಬರದ್ದು ತೋಟದ ಖರ್ಚು ಬರೆದಿಡುವುದು. ಇಂಗ್ಲಿಷ್ ಮೀಡಿಯಂಗೆ ಹೋಗುವ ಮಗುವಿಗೆ ಮನೆಯಲ್ಲಿ ಕನ್ನಡ ಓದಿಸಬೇಕೆಂಬ ತಾಯಂದಿರಿದ್ದಾರೆ, ಕಚೇರಿಯ ಕಾಗದ ಓದಲು ಮಲಯಾಳ ಅಕ್ಷರ ಕಲಿಯಬೇಕೆಂಬ ಯುವಕರಿದ್ದಾರೆ. ಆಸೆ ಬೇರೆ ಬೇರೆ, ನಿಲ್ಲುವ ರೀತಿ ಮಾತ್ರ ಒಂದೇ.

ನಿಂತಾಗ ಹೆಚ್ಚಿನವರು ತಮ್ಮನ್ನೇ ಬೈದುಕೊಳ್ಳುತ್ತಾರೆ, ಮನಸ್ಸು ಗಟ್ಟಿ ಇಲ್ಲ ಎನ್ನುತ್ತಾರೆ. ತಪ್ಪು ಸಾಮಾನ್ಯವಾಗಿ ಗುರಿಯ ಅಳತೆಯಲ್ಲಿರುತ್ತದೆ. ಬಿಸು ಹಬ್ಬದ ಬೆಳಗ್ಗೆ, ಹೊಟ್ಟೆ ತುಂಬಿ ಮನಸ್ಸು ಹಗುರವಾಗಿದ್ದಾಗ, ದಿನಾ ಒಂದು ಗಂಟೆ ನಡೆಯುತ್ತೇನೆ ಎಂದು ನಿಶ್ಚಯಿಸುತ್ತೇವೆ. ಆ ಅಳತೆ ಬಿಸುವಿನ ದಿನಕ್ಕೆ ಸರಿ. ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಮೂರು ದಿನ ಬಿಡದೆ ಮಳೆ ಸುರಿದು, ಕರೆಂಟು ಹೋಗಿ, ಮನೆಯಲ್ಲಿ ಒಬ್ಬರಿಗೆ ಜ್ವರ ಬಂದ ದಿನಕ್ಕೆ ಅದು ಹೊಂದುವುದಿಲ್ಲ. ಆ ದಿನಕ್ಕೂ ಹೊಂದುವ ಅಳತೆಯಲ್ಲಿ ಗುರಿ ಇಟ್ಟುಕೊಂಡರೆ ಅಭ್ಯಾಸ ಉಳಿಯುತ್ತದೆ. ಅದನ್ನು ಹೇಗೆ ಮಾಡುವುದೆಂದು ಒಂದೊಂದೇ ಹಂತವಾಗಿ ಕೆಳಗೆ ವಿವರಿಸಿದ್ದೇನೆ.

ಹಂತಗಳಿಗೆ ಹೋಗುವ ಮುಂಚೆ ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಿ. ತೂಕ ಐದು ಕಿಲೋ ಇಳಿಸುವುದು ಫಲಿತಾಂಶ, ಅದು ನೇರವಾಗಿ ನಿಮ್ಮ ಕೈಯಲ್ಲಿಲ್ಲ. ಕೊಳೆರೋಗ ಬಾರದಂತೆ ಅಡಕೆ ತೋಟಕ್ಕೆ ಬೋರ್ಡೋ ಸಿಂಪಡಿಸುವುದು ಕೆಲಸ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಶೇಕಡಾ 1ರ ದ್ರಾವಣ, ಮಳೆಗೆ ಮುಂಚೆ ಒಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಇಂಥದ್ದಕ್ಕೆ ತಾರೀಕು ಬೇಕು, ಆಳು ಬೇಕು. ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಮುಗಿಯಿತು. ಊಟವಾದ ಮೇಲೆ ಹತ್ತು ನಿಮಿಷ ನಡೆಯುವುದು ಅಭ್ಯಾಸ: ದಿನವೂ ಅದೇ ಹೊತ್ತು, ಅದೇ ಜಾಗ, ಕೊನೆಗೆ ಯೋಚನೆಯೇ ಇಲ್ಲದೆ ಕಾಲು ತಾನಾಗಿ ಹೊರಡುವಂಥದ್ದು. ಈ ಲೇಖನ ಈ ಮೂರನೆಯದರ ಬಗ್ಗೆ. ಫಲಿತಾಂಶವನ್ನೋ ವರ್ಷಕ್ಕೆರಡು ಬಾರಿಯ ಕೆಲಸವನ್ನೋ ಅಭ್ಯಾಸವೆಂದುಕೊಂಡು ಕೂತರೆ ಮುಂದಿನ ಯಾವ ಹಂತವೂ ಕೆಲಸಕ್ಕೆ ಬಾರದು.

ಬೇಕಾಗುವ ಸಾಮಾನು

ದೊಡ್ಡ ಚೌಕಗಳಿರುವ ಒಂದು ಗೋಡೆ ಕ್ಯಾಲೆಂಡರ್, ಅದಕ್ಕೇ ದಾರದಲ್ಲಿ ಕಟ್ಟಿದ ಒಂದು ಪೆನ್ನು, ಒಂದು ಹಳೆಯ ನೋಟು ಪುಸ್ತಕ. ಮಳೆಗಾಲದಲ್ಲಿ ಗೋಡೆ ತೇವವಾಗುವ ಮನೆಯಾದರೆ ಪೆನ್ನಿನ ಬದಲು ಪೆನ್ಸಿಲ್ ಕಟ್ಟಿ, ಶಾಯಿ ಹರಡುವುದಿಲ್ಲ. ಮೊಬೈಲ್ ಆ್ಯಪ್ ಬೇಡ ಎಂದೇ ನನ್ನ ಸಲಹೆ. ಗುರುತು ಹಾಕಲೆಂದು ತೆಗೆದ ಫೋನು ಅರ್ಧ ಗಂಟೆ ಕೈಯಲ್ಲೇ ಉಳಿಯುತ್ತದೆ.

1. ಒಂದನ್ನೇ ಆರಿಸಿ

ಬೇಕೆನಿಸಿದ್ದನ್ನೆಲ್ಲ ನೋಟು ಪುಸ್ತಕದಲ್ಲಿ ಬರೆಯಿರಿ. ಹತ್ತು ಬಂದರೂ ಬರಲಿ. ಪ್ರತಿಯೊಂದರ ಎದುರು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ನನಗೇ ಬೇಕೋ, ಬೇರೆಯವರ ಒತ್ತಾಯವೋ? ಇದನ್ನು ಮಾಡಲು ಇನ್ನೊಬ್ಬರ ಅನುಮತಿ, ಹಣ ಅಥವಾ ಜೊತೆ ಬೇಕೋ? ತನಗೇ ಬೇಕಾದದ್ದು, ಯಾರನ್ನೂ ಕಾಯಬೇಕಾಗಿಲ್ಲದ್ದು ಯಾವುದೋ ಅದಕ್ಕೆ ಗೆರೆ ಎಳೆಯಿರಿ. ಗೆರೆ ಎಳೆದವು ನಾಲ್ಕಿದ್ದರೆ ಅತಿ ಸುಲಭವಾದದ್ದನ್ನು ಹಿಡಿಯಿರಿ, ಅತಿ ಮುಖ್ಯವಾದದ್ದನ್ನಲ್ಲ. ಮೊದಲ ಸಲ ಕಲಿಯುವುದು ಅಭ್ಯಾಸ ಕಟ್ಟುವ ಕ್ರಮವನ್ನು. ಅದು ಕೈವಶವಾದರೆ ಮುಖ್ಯವಾದದ್ದು ಎರಡನೆಯ ಸರದಿಯಲ್ಲಿ ಬರುತ್ತದೆ.

ಇಲ್ಲಿ ಆಗುವ ತಪ್ಪು: ನಡಿಗೆ, ಓದು, ಸಕ್ಕರೆ ಬಿಡುವುದು, ಬೇಗ ಏಳುವುದು, ನಾಲ್ಕನ್ನೂ ಒಂದೇ ಸೋಮವಾರ ಶುರು ಮಾಡುವುದು. ಒಂದು ತಪ್ಪಿದ ದಿನ ಉಳಿದ ಮೂರೂ ಕೈಬಿಡುತ್ತವೆ.

2. ಕೆಟ್ಟ ದಿನದ ಅಳತೆಗೆ ಕತ್ತರಿಸಿ

ಕಳೆದ ವರ್ಷದ ಒಂದು ನಿಜವಾದ ಕೆಟ್ಟ ದಿನ ನೆನಪು ಮಾಡಿಕೊಳ್ಳಿ. ಮನೆಯಲ್ಲಿ ನೆಂಟರು, ಆಳು ಬಾರದ ದಿನ, ಆಸ್ಪತ್ರೆಗೆ ಓಡಿದ ದಿನ. ಅವತ್ತು ಕೂಡ ಎಷ್ಟು ಮಾಡಬಹುದಿತ್ತು? ಅಷ್ಟೇ ನಿಮ್ಮ ಗುರಿ. ಸುಮಾರಿಗೆ ಎರಡು ನಿಮಿಷದಲ್ಲಿ ಮುಗಿಯುವ ಹಾಗಿರಲಿ.

ಉದಾಹರಣೆಗೆ ನಡಿಗೆಯೆಂದರೆ ಅಂಗಳದಿಂದ ಗೇಟಿನವರೆಗೆ ಹೋಗಿ ಬರುವುದು. ತೋಟದ ಲೆಕ್ಕವೆಂದರೆ ಒಂದು ಸಾಲು: ತಾರೀಕು, ಯಾವುದಕ್ಕೆ, ಎಷ್ಟು. ಖರ್ಚೇ ಇಲ್ಲದ ದಿನ "ಇಲ್ಲ" ಎಂದು ಬರೆದರೂ ಅದು ಸಾಲೇ. ಮಗುವಿನ ಜೊತೆ ಕನ್ನಡವೆಂದರೆ ಐದು ಸಾಲು. ಮಲಯಾಳವೆಂದರೆ ಒಂದು ಅಕ್ಷರ.

"ಇಷ್ಟು ಸಣ್ಣದರಿಂದ ಏನು ಪ್ರಯೋಜನ?" ಎಂಬ ಸಂಶಯ ಸಹಜ. ಮಲಯಾಳದ ಲೆಕ್ಕವನ್ನೇ ಹಾಕಿ ನೋಡೋಣ. ಅಲ್ಲಿ ಸ್ವರಗಳು ಹದಿಮೂರು, ವ್ಯಂಜನಗಳು ಮೂವತ್ತಾರು. ದಿನಕ್ಕೆ ಒಂದು ಅಕ್ಷರವಾದರೆ ಏಳು ವಾರದಲ್ಲಿ ಅಕ್ಷರಮಾಲೆ ಮುಗಿಯುತ್ತದೆ. ಕ ಖ ಗ ಘ ಎಂಬ ಸರಣಿ ಕನ್ನಡದ್ದೇ ಆದ್ದರಿಂದ ಕ್ರಮವನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಹಳಗನ್ನಡದಲ್ಲಿದ್ದು ನಮ್ಮ ಬಳಕೆಯಿಂದ ಹೋದ ಱ, ೞ ಎರಡೂ ಅಲ್ಲಿ ಇನ್ನೂ ಬಳಕೆಯಲ್ಲಿವೆ, ಅವಕ್ಕೆ ಒಂದೊಂದು ದಿನ ಹೆಚ್ಚು ಕೊಡಿ. ಆಮೇಲಿನ ಒಂದು ವಾರ ಸ್ವರಚಿಹ್ನೆಗಳಿಗೆ, ಇನ್ನೊಂದು ವಾರ ಚಿಲ್ಲಕ್ಷರಗಳಿಗೆ. ಪದದ ಕೊನೆಯಲ್ಲೋ ನಡುವಿನಲ್ಲೋ ಸ್ವರವಿಲ್ಲದೆ ನಿಲ್ಲುವ ಣ್, ನ್, ರ್, ಲ್, ಳ್‌ಗಳಿಗೆ ಮಲಯಾಳದಲ್ಲಿ ಬೇರೆಯೇ ರೂಪವಿದೆ, ಅದನ್ನು ಚಿಲ್ಲಕ್ಷರ ಎನ್ನುತ್ತಾರೆ. ಸೇರಿ ಒಂಬತ್ತು ವಾರ. ಆಮೇಲೆ ಒತ್ತಕ್ಷರಗಳು ಓದುತ್ತಾ ಬರುತ್ತವೆ. ಹಳೆಯ ದಸ್ತಾವೇಜು ತೆಗೆದು ಅಭ್ಯಾಸ ಮಾಡಬೇಡಿ: 1971ರ ಲಿಪಿ ಸುಧಾರಣೆಗೆ ಮೊದಲಿನ ಬರವಣಿಗೆಯಲ್ಲಿ ಉಕಾರ ಮತ್ತು ಒತ್ತಕ್ಷರಗಳು ಅಕ್ಷರದ ಮೈಗೇ ಅಂಟಿಕೊಂಡಿರುತ್ತವೆ, ಹೊಸಬರಿಗೆ ಗುರುತು ಸಿಗುವುದಿಲ್ಲ.

ಒಂದು ಎಚ್ಚರಿಕೆ. ಸಣ್ಣ ಅಳತೆ ಎಂದರೆ ಅಸ್ಪಷ್ಟ ಅಳತೆಯಲ್ಲ. "ಸ್ವಲ್ಪ ಓದುವುದು", "ಆದಷ್ಟು ನಡೆಯುವುದು" ಅಳತೆಗಳೇ ಅಲ್ಲ. ಮಾಡಿದೆವೋ ಇಲ್ಲವೋ ಎಂದು ರಾತ್ರಿ ಕೇಳಿದರೆ ಹೌದು ಅಥವಾ ಇಲ್ಲ ಎಂದು ಹೇಳಲು ಬರಬೇಕು.

3. ಆಧಾರಕ್ಕೆ ಒಂದು ಹಳೆಯ ಅಭ್ಯಾಸ ಹುಡುಕಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಕಾಳುಮೆಣಸಿನ ಬಳ್ಳಿಯನ್ನು ನಾವು ನೆಲದ ಮೇಲೆ ಬಿಡುವುದಿಲ್ಲ, ಬೇರೂರಿ ನಿಂತ ಅಡಕೆ ಮರಕ್ಕೆ ಹಬ್ಬಿಸುತ್ತೇವೆ. ಹೊಸ ಅಭ್ಯಾಸವನ್ನೂ ಹಾಗೆಯೇ, ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಬೇಕು. ಆ ಹಳೆಯ ಕೆಲಸ ಮುಗಿದ ಕ್ಷಣವೇ ಹೊಸದಕ್ಕೆ ಕರೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಸೂಚನೆ ಎನ್ನುತ್ತಾರೆ: ಮುಂದಿನ ಕೆಲಸವನ್ನು ನೆನಪಿಗೆ ತರುವ ನೋಟ, ಸದ್ದು, ಜಾಗ ಅಥವಾ ಹಿಂದಿನ ಕೆಲಸ.

ಗಡಿಯಾರ ಯಾಕೆ ಸಾಲದು? ಬೆಳಗ್ಗೆ ಆರೂವರೆ ಎಂದಿಟ್ಟರೆ ಆರೂವರೆ ಆದದ್ದನ್ನು ಯಾರಾದರೂ ಗಮನಿಸಬೇಕು. ಅಲಾರಾಂ ಹೊಡೆದಾಗ ನೀವು ಬಚ್ಚಲಲ್ಲಿದ್ದರೆ ಅಲ್ಲಿಗೇ ಮುಗಿಯಿತು. ಹಲ್ಲುಜ್ಜಿ ಬ್ರಶ್ ಇಟ್ಟ ಕ್ಷಣವಾದರೆ ನೀವು ಅಲ್ಲೇ ಇರುತ್ತೀರಿ, ಆರಕ್ಕೆ ಎದ್ದರೂ ಏಳಕ್ಕೆ ಎದ್ದರೂ.

ಒಳ್ಳೆಯ ಆಧಾರಕ್ಕೆ ನಾಲ್ಕು ಲಕ್ಷಣ. ವಾರದ ಏಳು ದಿನವೂ ಅದು ನಡೆಯಬೇಕು. ಮುಗಿಯುವ ಕ್ಷಣ ಸ್ಪಷ್ಟವಿರಬೇಕು. ಹೊಸ ಕೆಲಸ ಮಾಡುವ ಜಾಗದಲ್ಲೇ ಅಥವಾ ಹತ್ತಿರದಲ್ಲೇ ಮುಗಿಯಬೇಕು. ಅದಾದ ಮೇಲಿನ ಎರಡು ನಿಮಿಷ ನಿಮ್ಮ ಕೈ ಖಾಲಿ ಇರಬೇಕು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ, ಮಗ್ರಿಬ್ ನಮಾಜು ಮುಗಿದ ಮೇಲೆ, ಹಟ್ಟಿಗೆ ಹುಲ್ಲು ಹಾಕಿ ಕೈ ತೊಳೆದ ಮೇಲೆ, ರಾತ್ರಿ ಉಂಡ ಬಟ್ಟಲು ತೊಳೆದು ಕವುಚಿಟ್ಟ ಮೇಲೆ: ಇವೆಲ್ಲ ನಮ್ಮ ಕಡೆಯ ಮನೆಗಳಲ್ಲಿ ಚೆನ್ನಾಗಿ ನಿಲ್ಲುವ ಆಧಾರಗಳು. ಪೂಜೆ ಮತ್ತು ನಮಾಜು ಅದರಲ್ಲೂ ಬಲವಾದವು. ವರ್ಷಗಟ್ಟಲೆ ತಪ್ಪದೆ ನಡೆದು ಬಂದವು, ಮನೆಯವರೂ ಆ ಹೊತ್ತಿಗೆ ನಿಮ್ಮನ್ನು ಬೇರೆ ಕೆಲಸಕ್ಕೆ ಕರೆಯುವುದಿಲ್ಲ.

ನಿಲ್ಲದ ಆಧಾರಗಳನ್ನೂ ತಿಳಿದಿರಿ. "ಕೆಲಸವೆಲ್ಲ ಮುಗಿದ ಮೇಲೆ" ಎಂಬುದು ತೋಟ, ಹಟ್ಟಿ ಇರುವ ಮನೆಯಲ್ಲಿ ಎಂದಿಗೂ ಬಾರದ ಹೊತ್ತು. "ಊಟದ ನಂತರ" ಎಂಬುದು ಅರ್ಧ ಗಂಟೆಯಷ್ಟು ಅಗಲ, "ಬಟ್ಟಲು ತೊಳೆದಿಟ್ಟ ಕೂಡಲೇ" ಎಂದು ಅದನ್ನು ಕಿರಿದು ಮಾಡಿ. "ಹಾಲು ಕರೆದ ಮೇಲೆ" ಒಳ್ಳೆಯದೆಂದು ತೋರುತ್ತದೆ, ಹಸು ಬತ್ತಿದಾಗ ಎರಡು ತಿಂಗಳು ಆಧಾರವೇ ಇರುವುದಿಲ್ಲ. ಅದರ ಬದಲು ಹುಲ್ಲು ಹಾಕುವುದನ್ನು ಹಿಡಿಯಿರಿ, ಹಾಲು ಕೊಡದ ಹಸುವೂ ಹುಲ್ಲು ತಿನ್ನುತ್ತದೆ. ಸ್ಪ್ರಿಂಕ್ಲರ್ ಬದಲಾಯಿಸುವ ಹೊತ್ತಿಗೆ ಕಟ್ಟಿದ ಅಭ್ಯಾಸ ಮೊದಲ ಮಳೆಗೆ ನಿಲ್ಲುತ್ತದೆ. ಗಲ್ಫಿನಲ್ಲಿರುವವರ ಫೋನು ಬಂದ ಮೇಲೆ ಎಂದರೆ ನಿಮ್ಮ ಅಭ್ಯಾಸ ಅವರ ಪಾಳಿ ಕೆಲಸದ ಕೈಯಲ್ಲಿರುತ್ತದೆ.

ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗುವವರಿಗೆ ರೈಲೇ ಆಧಾರವಾಗಬಹುದು. ಕುಂಬಳೆಯಲ್ಲೋ ಉಪ್ಪಳದಲ್ಲೋ ಹತ್ತಿದ ಕೂಡಲೇ ಎರಡು ಪುಟ. ಆದರೆ ಸೀಟು ಸಿಗದ ದಿನ ನಿಂತುಕೊಂಡೇ ಮಾಡಬಹುದಾದ ರೂಪದಲ್ಲಿ ಅದನ್ನು ಯೋಚಿಸಿಡಿ. ಭಾನುವಾರ, ರಜೆಯ ದಿನ ಲೆಕ್ಕಕ್ಕಿಲ್ಲ ಎಂದೂ ಮೊದಲೇ ತೀರ್ಮಾನಿಸಿ. ಮಲಯಾಳ ಕಲಿಯುವವರಿಗೆ ಬಸ್ ನಿಲ್ದಾಣದ ಬೋರ್ಡಿಗಿಂತ ಒಳ್ಳೆಯ ಪಾಠ ಇಲ್ಲ. ಊರಿನ ಹೆಸರು ನಿಮಗೆ ಮೊದಲೇ ಗೊತ್ತು. ಉಪ್ಪಳ ಎಂಬಲ್ಲಿ ಇರುವುದು ಮೂರೇ ಅಕ್ಷರ. ಗೊತ್ತಿರುವ ಹೆಸರಿನಿಂದ ಗೊತ್ತಿಲ್ಲದ ಅಕ್ಷರ ತಾನಾಗಿ ಬಿಡಿಸಿಕೊಳ್ಳುತ್ತದೆ.

4. ಒಂದು ವಾಕ್ಯ ಬರೆಯಿರಿ

"(ಇದು) ಮುಗಿದ ಕೂಡಲೇ, (ಇಲ್ಲಿ), (ಇಷ್ಟು) ಮಾಡುತ್ತೇನೆ." ಈ ಮೂರು ಜಾಗ ತುಂಬಿಸಿ ಕ್ಯಾಲೆಂಡರಿನ ಪಕ್ಕ ಅಂಟಿಸಿ. "ದೀಪ ಹಚ್ಚಿದ ಕೂಡಲೇ, ಚಾವಡಿಯಲ್ಲಿ, ಮಗಳ ಜೊತೆ ಕನ್ನಡದ ಐದು ಸಾಲು ಓದುತ್ತೇನೆ." ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಬಗೆಯ ವಾಕ್ಯಕ್ಕೆ ಎಷ್ಟು ಬಲವಿದೆ ಎಂದು ವಿವರಿಸಿದ್ದಾರೆ. ಮಾಡಬೇಕೆಂಬ ಆಸೆ ಮಾತ್ರ ಇರುವವರಿಗಿಂತ, ಯಾವಾಗ ಎಲ್ಲಿ ಹೇಗೆ ಎಂದು ಮೊದಲೇ ಹೇಳಿಕೊಂಡವರು ಹೆಚ್ಚು ಸಲ ಮಾಡಿ ಮುಗಿಸುತ್ತಾರೆ. ಆ ಹೊತ್ತಿಗೆ ಹೊಸದಾಗಿ ಯೋಚಿಸಿ ತೀರ್ಮಾನಿಸುವ ಕೆಲಸವೇ ಉಳಿದಿರುವುದಿಲ್ಲ, ಅದೇ ಕಾರಣ.

ಬರೆದ ವಾಕ್ಯವನ್ನು ಮನೆಯಲ್ಲಿ ಒಬ್ಬರಿಗೆ ಓದಿ ಹೇಳಿ. ಅವರಿಗೆ ಅರ್ಥವಾಗದೆ "ಯಾವಾಗ?" ಎಂದು ಕೇಳಿದರೆ ವಾಕ್ಯ ಇನ್ನೂ ಸರಿಯಾಗಿಲ್ಲ.

5. ಸಾಮಾನು ಕಣ್ಣೆದುರಿಗಿಡಿ

ಲೆಕ್ಕದ ಪುಸ್ತಕ ಕಪಾಟಿನಲ್ಲಿದ್ದರೆ ಬರೆಯುವುದು ನಿಲ್ಲುತ್ತದೆ. ಊಟದ ಮೇಜಿನ ಮೇಲೋ ಚಾವಡಿಯ ಮೊಳೆಗೋ ತೂಗು ಹಾಕಿ. ನಡಿಗೆಯ ಚಪ್ಪಲಿ ಮತ್ತು ಕೊಡೆ ಒಟ್ಟಿಗೆ ಬಾಗಿಲ ಬಳಿ ಇರಲಿ. ರಾತ್ರಿ ಫೋನು ನೋಡುವುದು ಕಡಿಮೆಯಾಗಬೇಕಾದರೆ ಚಾರ್ಜರನ್ನು ಮಲಗುವ ಕೋಣೆಯಿಂದ ತೆಗೆದು ಅಡುಗೆಮನೆಯ ಪ್ಲಗ್ಗಿಗೆ ಹಾಕಿ. ಬೇಕಾದದ್ದಕ್ಕೆ ಇಡಬೇಕಾದ ಹೆಜ್ಜೆ ಕಡಿಮೆ ಮಾಡಿ, ಬೇಡದ್ದಕ್ಕೆ ಹೆಚ್ಚು ಮಾಡಿ.

6. ಮಾಡಿದ ಕೂಡಲೇ ಗುರುತು ಹಾಕಿ

ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಒಂದು ಗೆರೆ, ಅಷ್ಟೇ. ರಾತ್ರಿ ಒಟ್ಟಿಗೆ ಹಾಕುತ್ತೇನೆ ಎಂದರೆ ಮರೆಯುತ್ತದೆ, ಮೂರು ದಿನದ್ದನ್ನು ಊಹೆಯಲ್ಲಿ ಹಾಕಿದರೆ ಆ ಕ್ಯಾಲೆಂಡರನ್ನು ನೀವೇ ನಂಬುವುದಿಲ್ಲ. ಮನೆಯಲ್ಲಿ ಮಗುವಿದ್ದರೆ ಗುರುತು ಹಾಕುವ ಅಧಿಕಾರ ಮಗುವಿಗೆ ಕೊಡಿ. ಅಜ್ಜ ನಡೆದು ಬಂದರೋ ಇಲ್ಲವೋ ಎಂದು ಮೊಮ್ಮಗಳು ಬಾಗಿಲಲ್ಲೇ ಕೇಳುತ್ತಾಳೆ.

ನಿಮಿಷ ಎಷ್ಟು, ಪುಟ ಎಷ್ಟು ಎಂದು ಮೊದಲ ಎರಡು ತಿಂಗಳು ಬರೆಯಬೇಡಿ. ಅಂಕಿ ಬರೆದರೆ ನಿನ್ನೆಗಿಂತ ಇಂದು ಕಡಿಮೆಯಾಯಿತೆಂಬ ಬೇಸರ ಶುರುವಾಗುತ್ತದೆ. ಈ ಹಂತದಲ್ಲಿ ಮಾಡಿದ್ದು, ಮಾಡದ್ದು, ಎರಡೇ ಲೆಕ್ಕ.

7. ತಪ್ಪಿದ ದಿನದ ನಿಯಮ

ತಪ್ಪಿಯೇ ತಪ್ಪುತ್ತದೆ. ನಿಯಮ ಒಂದೇ: ಸಾಲಾಗಿ ಎರಡು ದಿನ ತಪ್ಪಬಾರದು. ಮರುದಿನ ಎರಡರಷ್ಟು ಮಾಡಿ ಸರಿದೂಗಿಸುವುದೂ ಬೇಡ. ಸಾಲ ತೀರಿಸುವ ಭಾವ ಬಂದರೆ ಮೂರನೆಯ ದಿನ ಆ ಕಡೆಗೇ ಹೋಗಲು ಮನಸ್ಸಾಗುವುದಿಲ್ಲ. ಮಾಮೂಲಿ ಸಣ್ಣ ಅಳತೆಯನ್ನು ಮಾಡಿ, ಗುರುತು ಹಾಕಿ, ಮುಂದಕ್ಕೆ ಹೋಗಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಧೈರ್ಯ ಕೊಡುತ್ತದೆ. ಮಧ್ಯಾಹ್ನದ ಊಟದ ಜೊತೆ ನೀರು ಕುಡಿಯುವುದು, ಹಣ್ಣು ತಿನ್ನುವುದು, ರಾತ್ರಿಯೂಟಕ್ಕೆ ಮುಂಚೆ ಓಡುವುದು ಇಂಥ ಒಂದೊಂದನ್ನು ಪ್ರತಿಯೊಬ್ಬರೂ ಆರಿಸಿಕೊಂಡಿದ್ದರು. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯೇನೂ ಆಗಲಿಲ್ಲ. ಯೋಚಿಸದೆ ತಾನಾಗಿ ಆಗುವ ಮಟ್ಟಕ್ಕೆ ಬರಲು ಹಿಡಿದ ಕಾಲ ನಡುಲೆಕ್ಕದಲ್ಲಿ 66 ದಿನ. ಆದರೆ ಜನರಿಂದ ಜನಕ್ಕೆ ಅದು 18 ದಿನದಿಂದ 254 ದಿನದವರೆಗೆ ಬದಲಾಗುತ್ತಿತ್ತು. 254 ಎಂಬುದು ಅಧ್ಯಯನದ ಅವಧಿಯನ್ನೂ ಮೀರಿ ಲೆಕ್ಕ ಹಾಕಿ ಪಡೆದ ಅಂಕಿ. ನೀರು ಕುಡಿಯುವಂಥ ಸುಲಭದ್ದು ಬೇಗ ನೆಲೆಗೊಂಡಿತು, ವ್ಯಾಯಾಮ ತಡವಾಯಿತು.

ಆದ್ದರಿಂದ "21 ದಿನ ಮಾಡಿದರೆ ಅಭ್ಯಾಸವಾಗುತ್ತದೆ" ಎಂಬ ವಾಟ್ಸಾಪ್ ಮಾತನ್ನು ನಂಬಿ ಕೂರಬೇಡಿ. ಅದರ ಮೂಲ 1960ರ ಸುಮಾರಿಗೆ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರೆದ ಮಾತು. ಶಸ್ತ್ರಚಿಕಿತ್ಸೆಯಾದವರಿಗೆ ಹೊಸ ಮುಖ ಒಗ್ಗಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಕನಿಷ್ಠ ಎಂಬುದು ಬಿಟ್ಟುಹೋಗಿ ಉಳಿದದ್ದು ಮಾತ್ರ ಹರಡಿತು. ಇಪ್ಪತ್ತೆರಡನೆಯ ದಿನ ಇನ್ನೂ ಕಷ್ಟವೆನಿಸಿ ಬಿಟ್ಟುಬಿಟ್ಟವರು ಎಷ್ಟೋ ಮಂದಿ. ಎರಡರಿಂದ ಮೂರು ತಿಂಗಳು ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ.

8. ನಿಧಾನಕ್ಕೆ ಹೆಚ್ಚಿಸಿ

ಎರಡು ವಾರದಲ್ಲಿ ಹನ್ನೆರಡು ಗುರುತಾದರೂ ಬಿದ್ದಿದ್ದರೆ ಒಂದು ಮೆಟ್ಟಿಲು ಏರಿಸಬಹುದು. ಅಷ್ಟು ಬೀಳದಿದ್ದರೆ ಅಳತೆ ಹೆಚ್ಚಿಸದೆ ಆಧಾರವನ್ನು ಬದಲಾಯಿಸಿ ನೋಡಿ.

ನಡಿಗೆಗೆ ಒಂದು ಕ್ರಮ: ಗೇಟಿನವರೆಗೆ ಹೋಗಿ ಬರುವುದು ರೂಢಿಯಾದ ಮೇಲೆ ಮೊದಲ ಎರಡು ವಾರ 5 ನಿಮಿಷ, ಆಮೇಲೆ ಎರಡೆರಡು ವಾರಕ್ಕೆ ಐದೈದು ನಿಮಿಷ ಸೇರಿಸಿ. ಹನ್ನೊಂದನೆಯ ವಾರಕ್ಕೆ 30 ನಿಮಿಷವಾಗುತ್ತದೆ. ವಾರಕ್ಕೆ ಐದು ದಿನ ಅಷ್ಟು ನಡೆದರೆ 150 ನಿಮಿಷ, ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದ ಕನಿಷ್ಠ ಅಷ್ಟೇ. ವೇಗ ಹೇಗಿರಬೇಕು? ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ನಮ್ಮ ಗುಡ್ಡದ ದಾರಿಗಳಲ್ಲಿ ಏರುವಾಗ ಈ ವೇಗ ತಾನಾಗಿ ಬರುತ್ತದೆ. ಮಂಡಿನೋವಿರುವವರಿಗೆ ಇಳಿಜಾರೇ ಹೆಚ್ಚು ತೊಂದರೆ ಕೊಡುತ್ತದೆ, ಅವರು ಸಮತಟ್ಟಾದ ದಾರಿ ಹಿಡಿಯಲಿ.

ಎಷ್ಟೇ ಏರಿಸಿದರೂ ಎರಡನೆಯ ಹಂತದ ಸಣ್ಣ ಅಳತೆಯನ್ನು ಅಳಿಸಬೇಡಿ. ಮೂವತ್ತು ನಿಮಿಷ ನಡೆಯುವವರಿಗೂ ಕೆಟ್ಟ ದಿನ ಗೇಟಿನವರೆಗೆ ಹೋಗಿ ಬಂದರೆ ಗುರುತು ಹಾಕುವ ಹಕ್ಕಿದೆ.

ಮಗುವಿನ ಕನ್ನಡ ಓದಿನಲ್ಲಿ ಹೆಚ್ಚಿಸುವ ಆತುರ ಅತಿ ಹೆಚ್ಚು ಹಾನಿ ಮಾಡುತ್ತದೆ. ಐದು ಸಾಲು ಓದಿದ ಮಗು "ಇನ್ನೂ ಓದುತ್ತೇನೆ" ಎಂದರೆ ಓದಲಿ, ನೀವಾಗಿ ಹತ್ತು ಮಾಡಬೇಡಿ. ಓದುವಾಗ ತಪ್ಪಿದ ಪ್ರತಿ ಅಕ್ಷರವನ್ನೂ ತಿದ್ದಲು ಹೋದರೆ ದೀಪ ಹಚ್ಚುವ ಹೊತ್ತಿಗೆ ಮಗು ಹಿತ್ತಿಲಿಗೆ ಓಡುತ್ತದೆ. ಒಂದು ಸಾಲು ನೀವು, ಒಂದು ಸಾಲು ಮಗು, ಹೀಗೆ ಹಂಚಿಕೊಳ್ಳಿ. ತಪ್ಪಿದ ಪದವನ್ನು ನಿಮ್ಮ ಸಾಲಿನಲ್ಲಿ ಸರಿಯಾಗಿ ಇನ್ನೊಮ್ಮೆ ಉಚ್ಚರಿಸಿದರೆ ಸಾಕು. ಮನೆಮಾತು ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಮರಾಠಿ ಯಾವುದಿದ್ದರೂ ಓದಿದ್ದರ ಬಗ್ಗೆ ಮಾತು ಆ ಮನೆಮಾತಿನಲ್ಲೇ ನಡೆಯಲಿ. ಗಡಿಯ ಈ ಕಡೆ ಕನ್ನಡ ಉಳಿಯುವುದು ಸಭೆಗಳ ನಿರ್ಣಯಕ್ಕಿಂತ ಹೆಚ್ಚಾಗಿ ಇಂಥ ಐದು ಸಾಲಿನಲ್ಲಿ ಎಂದು ನಾನು ನಂಬಿದ್ದೇನೆ.

9. ಋತುವಿಗೆ ತಕ್ಕ ಎರಡನೆಯ ರೂಪ

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಹಾಗಿರುವಾಗ ಬೇರೆ ಊರಿನವರು ಬರೆದ ಸಲಹೆಯನ್ನು ಹಾಗೆಯೇ ಎತ್ತಿಕೊಂಡರೆ ನಾಲ್ಕು ತಿಂಗಳು ಖಾಲಿ ಬೀಳುತ್ತದೆ. ಪ್ರತಿ ಅಭ್ಯಾಸಕ್ಕೂ ಮಳೆಗಾಲದ ರೂಪವೊಂದನ್ನು ಮೇ ತಿಂಗಳಲ್ಲೇ ಬರೆದಿಡಿ. ಆಧಾರ ಬದಲಾಗಬಾರದು, ಹೊತ್ತು ಬದಲಾಗಬಾರದು, ಮಾಡುವ ರೀತಿ ಮಾತ್ರ ಬದಲಾಗಬಹುದು. ರಸ್ತೆಯ ನಡಿಗೆ ಜಗಲಿಯ ನಡಿಗೆಯಾಗಲಿ, ಇಲ್ಲವೇ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲವಾಗಲಿ. ಪಾಚಿ ಕಟ್ಟಿದ ಅಂಗಳದಲ್ಲಿ ಹಿರಿಯರು ನಡೆಯಲು ಹೋಗಬಾರದು, ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ಕರೆಂಟು ಹೋದರೆ ಓದುವ ಐದು ಸಾಲು ಬಾಯಿಪಾಠದ ಐದು ಸಾಲಾಗಲಿ.

ಆಟದ ಕಾಲವೂ ಹಾಗೆಯೇ. ದೀಪಾವಳಿಯ ಆಸುಪಾಸಿನಿಂದ ಮೇ ಕೊನೆಯ ವಾರದ ಪತ್ತನಾಜೆಯವರೆಗೆ ಯಕ್ಷಗಾನ, ಕೋಲ, ಜಾತ್ರೆ ಇರುತ್ತವೆ. ರಾತ್ರಿ ನಿದ್ದೆಗೆಟ್ಟ ಮರುದಿನ ಬೆಳಗಿನ ಅಭ್ಯಾಸ ಮೊದಲು ಬಲಿಯಾಗುತ್ತದೆ. ಕಾಲಕ್ಷೇಪ ಬಿಡಬೇಕಾಗಿಲ್ಲ. ಅಂಥ ಮನೆಯವರು ಶುರುವಿನಲ್ಲೇ ಬೆಳಗ್ಗಿನ ಬದಲು ಸಂಜೆಯ ಆಧಾರವನ್ನು ಹಿಡಿದರೆ ಸಾಕು. ರಂಜಾನ್ ಉಪವಾಸದ ತಿಂಗಳಲ್ಲಿ ಊಟಕ್ಕೆ ಕಟ್ಟಿದ ಅಭ್ಯಾಸಗಳ ಹೊತ್ತು ಪೂರ್ತಿ ಬದಲಾಗುತ್ತದೆ, ನಮಾಜಿಗೆ ಕಟ್ಟಿದವು ಅಲುಗುವುದಿಲ್ಲ. ಮೊದಲೇ ನಮಾಜಿಗೆ ಕಟ್ಟುವುದು ಒಳ್ಳೆಯದು.

ಅಡಕೆ ಕೊಯ್ಲಿನ ದಿನಗಳಿಗೆ ಬೇರೆ ರೂಪವೇನೂ ಬೇಡ. ಸಣ್ಣ ಅಳತೆಯೇ ಸಾಕು.

ಬೇಡದ್ದನ್ನು ಬಿಡುವುದಕ್ಕೂ ಇದೇ ಕ್ರಮ

ಚಾದ ಸಕ್ಕರೆಯನ್ನು ತೆಗೆದುಕೊಳ್ಳಿ. ದಿನಕ್ಕೆ ನಾಲ್ಕು ಚಾ, ಒಂದೊಂದಕ್ಕೆ ಎರಡು ಚಮಚ ಎಂದರೆ ಎಂಟು ಚಮಚ. ಸಮತಟ್ಟಾದ ಸಣ್ಣ ಚಮಚವೊಂದಕ್ಕೆ ಸುಮಾರು 4 ಗ್ರಾಂನಂತೆ 32 ಗ್ರಾಂ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಹೆಚ್ಚು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಮ್ಮದು ಚಾದಲ್ಲೇ ಅದನ್ನು ಮೀರಿತು. ಒಮ್ಮೆಲೇ ಸಪ್ಪೆ ಚಾ ಕುಡಿಯಲು ಹೊರಟರೆ ನಾಲ್ಕನೆಯ ದಿನ ಹಳೆಯ ರುಚಿಗೆ ಮರಳುತ್ತೀರಿ. ಎರಡು ವಾರಕ್ಕೊಮ್ಮೆ ಕಾಲು ಚಮಚ ಇಳಿಸಿ. ಎರಡು, ಒಂದೂಮುಕ್ಕಾಲು, ಒಂದೂವರೆ, ಹೀಗೆ ಆರು ಮೆಟ್ಟಿಲಿನಲ್ಲಿ, ಮೂರು ತಿಂಗಳಿಗೆ ಅರ್ಧ ಚಮಚಕ್ಕೆ ಬರುತ್ತೀರಿ. ನಾಲ್ಕು ಚಾಕ್ಕೆ ಆಗ 8 ಗ್ರಾಂ. ನಾಲಿಗೆ ಒಗ್ಗಿಕೊಳ್ಳುತ್ತದೆ. ಅಳತೆಗೆ ಡಬ್ಬಿಯಲ್ಲಿ ಕಾಲು ಚಮಚದ ಸಣ್ಣ ಚಮಚವನ್ನೇ ಇಡಿ, ದೊಡ್ಡ ಚಮಚ ಅಲ್ಲಿರದಿರಲಿ. ಮನೆಯಲ್ಲಿ ಚಾ ಮಾಡುವವರು ಬೇರೆಯವರಾದರೆ ಅವರನ್ನು ಕೇಳಿಕೊಂಡು, ಎಲ್ಲರಿಗೂ ಸಕ್ಕರೆ ಬೆರೆಸುವ ಮೊದಲು ನಿಮ್ಮ ಲೋಟವನ್ನು ಬೇರೆ ತೆಗೆಯಿಸಿ.

ಆದರೆ ಈ ಕ್ರಮಕ್ಕೆ ಒಂದು ಮಿತಿಯಿದೆ. ದಿನವೂ ಹೆಚ್ಚು ಮದ್ಯ ಕುಡಿಯುವವರು ಮನೆಯಲ್ಲೇ ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಕೈ ನಡುಕ, ಅಪಸ್ಮಾರ, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಮೊದಲು ಡಾಕ್ಟರನ್ನು ಕಾಣಬೇಕು. ಹೊಗೆಸೊಪ್ಪು ಹಾಕಿ ಎಲೆಯಡಕೆ ಜಗಿಯುವುದು, ಬೀಡಿ ಸೇದುವುದು ಕೂಡ ಬರೀ ಅಭ್ಯಾಸವಲ್ಲ, ನಿಕೋಟಿನ್ ಚಟ. ಅದಕ್ಕೆ ಔಷಧವೂ ಸಲಹೆಯೂ ಸಿಗುತ್ತವೆ, ಕೇಳಲು ನಾಚಬೇಕಾಗಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು ನಡಿಗೆ ಹೆಚ್ಚಿಸುವ ಮುಂಚೆ, ಊಟದ ಕ್ರಮ ಬದಲಿಸುವ ಮುಂಚೆ ತಮ್ಮ ಡಾಕ್ಟರಿಗೆ ತಿಳಿಸಲಿ.

ಎರಡನೆಯ ಅಭ್ಯಾಸ ಯಾವಾಗ?

ಮೊದಲನೆಯದನ್ನು ಮಾಡದ ದಿನ ಏನೋ ಬಿಟ್ಟುಹೋದಂತೆ ಅನಿಸಲು ಶುರುವಾದಾಗ. ಕ್ಯಾಲೆಂಡರ್ ನೋಡುವ ಮುಂಚೆಯೇ ಮಾಡಿ ಮುಗಿಸಿರುತ್ತೀರಿ, ಗುರುತು ಹಾಕಲು ಮರೆಯುತ್ತೀರಿ. ಆಗ ಮೊದಲನೆಯದರ ಗುರುತು ನಿಲ್ಲಿಸಿ, ಅದೇ ಕ್ಯಾಲೆಂಡರಿನಲ್ಲಿ ಬೇರೆ ಬಣ್ಣದ ಪೆನ್ನಿನಿಂದ ಎರಡನೆಯದನ್ನು ಎರಡನೆಯ ಹಂತದಿಂದಲೇ ಶುರು ಮಾಡಿ. ಎರಡಕ್ಕೂ ಒಂದೇ ಆಧಾರ ಕೊಡಬೇಡಿ. ಮೊದಲನೆಯದು ಸಂಜೆಯ ದೀಪಕ್ಕೆ ಕಟ್ಟಿದ್ದರೆ ಎರಡನೆಯದು ಬೆಳಗಿನ ಹಟ್ಟಿಗೆ ಕಟ್ಟಿರಲಿ.